ಗೀರದೆ ಬಿಟ್ಟ ಸುರುಳಿ

ತಿಗರಿಯಿಲ್ಲದೆ ಕೈಯಿಂದಲೇ ಮಡಕೆ ಕಟ್ಟುವ ನೀಲಾಂಬಿಕೆಯ ಬಳಿ ಹಲ್ಲು ಸವೆದ ಬಾಚಣಿಗೆಯೊಂದಿತ್ತು. ಮಡಕೆಯಾಗಲು ಒಂದರ ಮೇಲೊಂದು ಕೂರುವ ಮಣ್ಣಿನ ಸುರುಳಿಗಳು ಒಂದಕ್ಕೊಂದು ಕಚ್ಚಿಕೊಳ್ಳಲೆಂದು ಅವುಗಳ ಮೈ ಗೀರುವುದು ಅದರ ಕೆಲಸ. ಸಂಜೆಯ ಹೊತ್ತಿಗೆ ಅದು ದಣಿದು ಹಣ್ಣಾಗಿತ್ತು.

“ಬಾಚಣಿಗೆಯಣ್ಣ, ನನ್ನ ನುಣುಪು ಮೈ ಕೆಡಿಸಬೇಡ,” ಎಂದಿತು ಮಡಕೆಯ ಬಾಯಿಗೆ ಕೂರಬೇಕಾಗಿದ್ದ ಕೊನೆಯ ಸುರುಳಿ.

“ಗೀರದಿದ್ದರೆ ನೀನು ನಿಲ್ಲಲಾರೆ, ತಂಗಿ.”

“ಬೆಳಗಿನಿಂದ ಗೀರಿ ಗೀರಿ ನಿನಗಿನ್ನೂ ಸಾಕಾಗಿಲ್ಲವೇ?”

ಸಾಕಾಗಿತ್ತು. ಬಾಚಣಿಗೆ ಅದರ ಮೇಲೆ ಸುಮ್ಮನೆ ಜಾರಿಹೋಯಿತು.

ಮೂರನೆಯ ದಿನ, ಮಡಕೆ ಒಣಗುತ್ತಿದ್ದಾಗ, ಆ ಸುರುಳಿ ಕಳಚಿ ನೆಲಕ್ಕೆ ಬಿದ್ದು ಚೂರಾಯಿತು.

“ನಾನೇನೋ ತಿಳಿಯದೆ ಬೇಡವೆಂದೆ. ತಿಳಿದವನು ನೀನು, ಯಾಕೆ ಒಪ್ಪಿದೆ?” ಎಂದಿತು ಒಂದು ಚೂರು.

“ದಣಿದಿದ್ದೆ, ತಂಗಿ,” ಎಂದಿತು ಬಾಚಣಿಗೆ. “ಆ ದಣಿವನ್ನೇ ದಯೆ ಎಂದುಕೊಂಡೆ.”