ದೊರೆಯ ಮೇಜಿನ ಮೇಲಿನ ನಿಂಬೆಹಣ್ಣು

ಶಾಖಾಮಠದ ಹೊಣೆ ಹೊತ್ತು ಹೊರಟಿದ್ದ ಶಿಷ್ಯ ರೇವಣಯ್ಯ ಗುರುಗಳನ್ನು ಕೇಳಿದ: "ಬುದ್ಧಿ, ಊರು ಹೊಸದು, ಜನ ಹೊಸಬರು. ಸಲಹೆಗೆ ಎಷ್ಟು ಮಂದಿಯನ್ನು ಜೊತೆಗೆ ಕರೆದೊಯ್ಯಲಿ?"

ಗುರುಗಳು ಕತೆ ಹೇಳತೊಡಗಿದರು:

ಒಂದು ಸೀಮೆಗೆ ಕಡಲಾಚೆಯಿಂದ ಹೊಸ ಗವರ್ನರ್ ದೊರೆ ಬಂದನಪ್ಪಾ. ನಿನ್ನ ಹಾಗೇ ಅವನಿಗೂ ಹೆದರಿಕೆ. ಹಡಗು ಇಳಿಯುವ ಮೊದಲೇ ನಾಲ್ವರನ್ನು ನೇಮಿಸಿಕೊಂಡ. ಕಾನೂನಿಗೊಬ್ಬ, ದರ್ಬಾರಿನ ಮರ್ಯಾದೆಗೊಬ್ಬ, ಆರೋಗ್ಯಕ್ಕೊಬ್ಬ ವೈದ್ಯ, ಭಾಷೆಗೊಬ್ಬ ದುಭಾಷಿ. ಯಾರೂ ದಡ್ಡರಲ್ಲ, ತೊಂದರೆ ಬಂದದ್ದೇ ಅಲ್ಲಿ.

ಮೊದಲ ದಿನವೇ ಒಬ್ಬ ರೈತ ಬಂದ. ಅವನೂರಿನ ಕೆರೆ ಏರಿ ಬಿರುಕು ಬಿಟ್ಟಿತ್ತು. ಊರವರೇ ಮಣ್ಣು ಹಾಕಿ ಮುಚ್ಚಲು ಸಿದ್ಧರಿದ್ದರು, ಆದರೆ ಸರ್ಕಾರದ ಅಪ್ಪಣೆ ಇಲ್ಲದೆ ಏರಿ ಮುಟ್ಟಿದರೆ ಸೆರೆಮನೆ. ಏರಿ ಒಡೆದರೆ ಗದ್ದೆಯೂ ಇಲ್ಲ, ಅನ್ನವೂ ಇಲ್ಲ. ರೈತ ಕೈಮುಗಿದು ಮೇಜಿನ ಮೇಲೆ ಒಂದು ನಿಂಬೆಹಣ್ಣು ಇಟ್ಟ. ಅವನು ಬಾಯಿ ತೆರೆಯುವಷ್ಟರಲ್ಲಿ ದೊರೆ, "ಇದನ್ನು ಯಾಕೆ ತಂದ?" ಎಂದ.

ದುಭಾಷಿಗೆ ಗೊತ್ತಿತ್ತು. ಹೇಳಹೊರಟರೆ, ಮಾತಿಗೆ ಮಾತು ಹೇಳುವುದಷ್ಟೇ ನಿನ್ನ ಕೆಲಸ, ಕಾರಣ ಹೇಳುವುದಲ್ಲ ಎಂದು ಉಳಿದ ಮೂವರು ಬಾಯಿ ಮುಚ್ಚಿಸಿದರು. ಲಂಚ ಎಂದ ಕಾನೂನಿನವ. ಮಾಟವಿರಬಹುದು, ಕುಂಕುಮ ಹಚ್ಚಿದೆಯೇ ನೋಡಿ ಎಂದ ಮರ್ಯಾದೆಯವ. ದೊರೆಗೆ ಪಿತ್ತವಾಗಿರುವುದು ಈ ಹಳ್ಳಿಯವನಿಗೆ ಹೇಗೆ ತಿಳಿಯಿತು ಎಂದು ವೈದ್ಯ ಕಂಗಾಲಾದ. ರೈತನನ್ನು ಜಗಲಿಯಲ್ಲಿ ಕೂರಿಸಿ ಮೂರು ದಿನ ವಿಚಾರ ನಡೆಸಿದರು. ಹಣ್ಣಿಗೆ ಇಬ್ಬರು ಕಾವಲುಗಾರರು. ರೈತನಿಗೆ ಒಂದು ಲೋಟ ನೀರು ಕೊಡುವವರಿಲ್ಲ.

ನಾಲ್ಕನೆಯ ದಿನ ದೊರೆಗೆ ಸಾಕುಸಾಕಾಯಿತು. ರೈತನನ್ನೇ ಒಳಗೆ ಕರೆಸಿ ದುಭಾಷಿಯ ಮೂಲಕ ಕೇಳಿದ.

"ದೊಡ್ಡವರ ಹತ್ತಿರ ಬರಿಗೈಲಿ ಹೋಗಬಾರದು ಅಂತ ಹಣ್ಣು ತಂದೆ ಬುದ್ಧಿ. ಬಂದದ್ದು ಏರಿ ಬಿರುಕು ಬಿಟ್ಟಿದೆ ಅಂತ ಹೇಳೋಕೆ. ಈಗ ಅದೂ ಬೇಕಿಲ್ಲ. ನಿನ್ನೆ ಒಡೆದುಹೋಯ್ತು ಅಂತ ಊರಿಂದ ಹೇಳಿಕಳಿಸಿದಾರೆ."

ದೊರೆಗೆ ನಾಚಿಕೆಯಾಯಿತು, ಪಾಪ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ ಅಂದೇ ಕೆರೆಗಳಿಗೆಂದು ಐದನೆಯ ಸಲಹೆಗಾರನನ್ನು ನೇಮಿಸಿದ.

ಇಷ್ಟು ಕೇಳಿ ರೇವಣಯ್ಯ ನಕ್ಕ. "ಹಾಗಾದರೆ ನಾನು ಯಾರನ್ನೂ ಕರೆದೊಯ್ಯಬಾರದೇ ಬುದ್ಧಿ?"

"ಹತ್ತು ಮಂದಿಯನ್ನು ಬೇಕಾದರೂ ಕರೆದುಕೊಂಡು ಹೋಗು, ಬಾಗಿಲಿಗೆ ಬಂದವನನ್ನು 'ಯಾಕೆ ಬಂದೆಯಪ್ಪಾ' ಎಂದು ಕೇಳುವ ಕೆಲಸ ಮಾತ್ರ ನೀನೇ ಮಾಡು" ಎಂದರು ಗುರುಗಳು.