ಇಲ್ಲ ಎನ್ನಲು ಬಾರದ ಪೆಟ್ಟಿಗೆ

ಪೆಟ್ಟಿಗೆಯ ಚುಕ್ಕೆ ಎಲ್ಲಿ ಬಿದ್ದರೂ ಒಬ್ಬರು ಅಲ್ಲಿಗೆ ಹೋಗಿ, ಕಣ್ಣಾರೆ ನೋಡಿ ಬರಬೇಕು. ಆಮೇಲೆಯೇ ಅದನ್ನು ಶತ್ರು ಎನ್ನಬೇಕು. ಹೊಳೆದಂಡೆಯ ಆಶ್ರಮದಲ್ಲಿ ಗುರುಗಳು ಇಟ್ಟ ನಿಯಮ ಇದು. ನಿನ್ನೆ ಎಲ್ಲರೂ ಅದನ್ನು ಮುರಿದಿದ್ದರು.

ಪೆಟ್ಟಿಗೆ ಮಾಡಿದವನು ಶಿಷ್ಯ ವಿರೂಪಣ್ಣ. ಒಳಗೆ ಎರಡು ಮಸೂರ, ನಡುವೆ ಗಾಜಿನ ಬಿಲ್ಲೆ. ಬಿಲ್ಲೆಯ ಮೇಲೆ ಶತ್ರುಗಳ ದೋಣಿಯ ಆಕಾರ ಕೊರೆದಿತ್ತು. ಪೆಟ್ಟಿಗೆಯನ್ನು ಹೊಳೆಗೆ ತಿರುಗಿಸಿದರೆ, ಆ ಆಕಾರ ಕಂಡಲ್ಲಿ ಬೆಳಕಿನ ಚುಕ್ಕೆ ಮೂಡುತ್ತಿತ್ತು.

ಈ ಮುಂಜಾನೆ ಮಂಜಿನೊಳಗೆ ಒಂದು ದೋಣಿ ಬರುತ್ತಿತ್ತು. ಚುಕ್ಕೆ ಅದರ ಮೇಲೆ ನಿಂತಿತು.

ದಳವಾಯಿ ಕೆಂಚನಾಯಕ ಫಿರಂಗಿಗೆ ಮದ್ದು ತುಂಬಿಸಿ ಕಾದಿದ್ದ. ಆಶ್ರಮದ ನೆಲದಿಂದ ಹೊಡೆಯಲು ಗುರುಗಳ ಒಪ್ಪಿಗೆ ಬೇಕು.

"ಸ್ವಾಮಿ, ಹೂಂ ಅಂದುಬಿಡಿ."

ಗುರುಗಳು ಶಿಷ್ಯನನ್ನು ಕೇಳಿದರು. "ನಿನ್ನೆ ನಾವು ಹೊಡೆದು ಮುಳುಗಿಸಿದ ದೋಣಿಯಲ್ಲಿ ಏನಿತ್ತಯ್ಯ?"

"ಶತ್ರುಗಳು, ಗುರುಗಳೇ."

"ನೋಡಿದವರು ಯಾರು?"

ವಿರೂಪಣ್ಣ ದಳವಾಯಿಯ ಕಡೆ ನೋಡಿದ.

"ದಡಕ್ಕೆ ತೇಲಿ ಬಂದದ್ದು ಹುಲ್ಲಿನ ಹೊರೆ. ಶತ್ರುಗಳು ಹುಲ್ಲು ಮೇಯುತ್ತಾರೇನು?"

"ಹುಲ್ಲಿನಡಿ ಕತ್ತಿ ಮುಚ್ಚಿಟ್ಟಿರ್ತಾರೆ ಸ್ವಾಮಿ," ಎಂದ ದಳವಾಯಿ. "ಈ ಕಾಲದಲ್ಲಿ ಯಾರನ್ನೂ ನಂಬೋ ಹಾಗಿಲ್ಲ."

"ಪೆಟ್ಟಿಗೆಯನ್ನು ಮಾತ್ರ ನಂಬಬಹುದು, ಅಲ್ಲವೇ?"

"ಮೂರು ಸಲ ನೋಡಿದೆ ಗುರುಗಳೇ," ಎಂದ ವಿರೂಪಣ್ಣ. "ಮೂರು ಸಲವೂ ಅಲ್ಲೇ ಬಿತ್ತು."

"ಆ ಬೋಳು ಗುಡ್ಡದ ಕಡೆ ತಿರುಗಿಸು."

ತಿರುಗಿಸಿದ. ಚುಕ್ಕೆ ಮೂಡಿತು.

"ಏನದು?"

ವಿರೂಪಣ್ಣ ತಲೆ ತಗ್ಗಿಸಿದ. "ಬಂಡೆ."

"ಬಂಡೆ ಯಾವಾಗ ದೋಣಿಯಾಯಿತು?"

"ಕಂಡದ್ದರಲ್ಲಿ ಯಾವುದು ಹೆಚ್ಚು ಹೋಲುತ್ತದೋ ಅದನ್ನು ತೋರಿಸುತ್ತದೆ, ಗುರುಗಳೇ. ಏನೂ ಇಲ್ಲ ಎನ್ನಲು ಅದಕ್ಕೆ ಬರುವುದಿಲ್ಲ."

"ಇದನ್ನು ನಿನ್ನೆ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ."

"ಹೌದು. ಕೇಳಲಿಲ್ಲ. ತಲೆಯಾಡಿಸಿದೆ."

ದಳವಾಯಿ ಸಿಡಿದ. "ಬಂಡೆ ನಮ್ಮ ಮೇಲೆ ಏರಿ ಬರೋದಿಲ್ಲ ಸ್ವಾಮಿ! ದೋಣಿ ಬರ್ತಾ ಇದೆ. ಅದರಲ್ಲಿ ಶತ್ರು ಇದ್ದರೆ ಇಲ್ಲಿರೋ ನಲವತ್ತು ಜನರ ಗತಿ ಏನು?"

"ಅದೂ ನಿಜವೇ," ಎಂದರು ಗುರುಗಳು.

"ಹಾಗಾದ್ರೆ ಹೂಂ ಅನ್ನಿ."

"ಅನ್ನುವುದಿಲ್ಲ."

ಅವರು ಮೆಟ್ಟಿಲಿಳಿದು ಹರಿಗೋಲಿನ ಹಗ್ಗ ಬಿಚ್ಚತೊಡಗಿದರು. ವಿರೂಪಣ್ಣ ಓಡಿ ಬಂದು ಅಂಚು ಹಿಡಿದ.

"ಗುರುಗಳೇ, ನಾನು ಹೋಗುತ್ತೇನೆ."

"ನಿನ್ನೆಯ ಒಪ್ಪಿಗೆ ನನ್ನದು. ಕೈ ಬಿಡು."

"ಅವರು ನಿಜವಾಗಿಯೂ ಶತ್ರುಗಳೇ ಆಗಿದ್ದರೆ?"

ಗುರುಗಳು ಹುಟ್ಟು ಹಾಕಿದರು. ಹರಿಗೋಲು ಒಮ್ಮೆ ಸುತ್ತಿ, ನೀರಿಗೆ ಸರಿಯಿತು.

"ಆಗ ಹೇಳುವುದಕ್ಕೆ ನಾನು ತಿರುಗಿ ಬರುವುದಿಲ್ಲ. ಬಾರದಿದ್ದರೆ ಹೊಡೆಯಿರಿ."