ಗಿಳಿಯ ಜರ್ಮನ್ ಪಾಠ

ಇಂಗ್ಲಿಷರ ಮನೆಯಲ್ಲಿ ಬೆಳೆದ ಗಿಳಿಯೊಂದು ಮಂಗಳೂರಿನ ಜರ್ಮನ್ ಪಾದ್ರಿಯ ಬಂಗಲೆಗೆ ಬಂತು. ಅಲ್ಲಿ ಜರ್ಮನ್ ಭಾಷೆಯಲ್ಲಿ ಕೇಳಿದವರಿಗೆ ಮಾತ್ರ ರೊಟ್ಟಿ. ಗಿಳಿ ಎರಡು ದಿನ ಉಪವಾಸವಿದ್ದು ವ್ಯಾಕರಣ ಉರುಹೊಡೆಯಿತು.

ಮೂರನೆಯ ದಿನ ಕಾಗೆ ಕಿಟಕಿಗೆ ಬಂದು "ಬ್ರೋಟ್! ಬ್ರೋಟ್!" ಎಂದು ರೊಟ್ಟಿಯ ಜರ್ಮನ್ ಹೆಸರನ್ನಷ್ಟೇ ಅರಚಿತು. ಪಾದ್ರಿಯಮ್ಮ ನಕ್ಕು ರೊಟ್ಟಿಯ ತುಂಡೊಂದನ್ನು ಎಸೆದರು.

"ಛೀ! ಜರ್ಮನ್ ವ್ಯಾಕರಣದಲ್ಲಿ ರೊಟ್ಟಿ ಗಂಡೋ, ಹೆಣ್ಣೋ, ನಪುಂಸಕವೋ ತಿಳಿಯದೆ ಕೇಳುವುದೇ?" ಎಂದಿತು ಗಿಳಿ.

"ಹಸಿವಿಗೆ ದೇವರು ವ್ಯಾಕರಣ ಕೊಟ್ಟಿಲ್ಲ ಮಾರಾಯ. ನೀನೂ ಅರಚು, ಇನ್ನೊಂದೇ ತುಂಡು ಉಳಿದಿದೆ."

"ತಪ್ಪು ಮಾತು ನನ್ನ ಬಾಯಲ್ಲಿ ಬಾರದು," ಎಂದು ಗಿಳಿ ವಾಕ್ಯ ಜೋಡಿಸತೊಡಗಿತು. ಕಾಗೆ ಮತ್ತೆ ಅರಚಿ ಆ ತುಂಡನ್ನೂ ತಿಂದು ಹಾರಿತು.

ಸಂಜೆಗೆ ಗಿಳಿ ಒಂದಕ್ಷರವೂ ತಪ್ಪದೆ ರೊಟ್ಟಿ ಬೇಡಿತು. ಪಾದ್ರಿಯಮ್ಮನಿಗೆ ಆನಂದಬಾಷ್ಪವೇ ಬಂತು. ರೊಟ್ಟಿಯಂತೂ ಮುಗಿದಿತ್ತು; ಮೆಚ್ಚಿಕೆಯಿಂದ ವ್ಯಾಕರಣದ ಎರಡನೆಯ ಭಾಗವನ್ನು ತಂದು ಅದರ ಮುಂದಿಟ್ಟರು.